ಎಂಬತ್ತನಾಲ್ಕು ಕುಣಿಕೆ

ಗುರುವಾರ ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಗೌತಮಿಗೆ ಗಾಳಿಕಟ್ಟೆಯ ಕೆಲಸದ ಆದೇಶ ಬಂತು. ಹನ್ನೊಂದು ದಿನ ಕಳೆದು, ಮುಂದಿನದರ ಮುಂದಿನ ಸೋಮವಾರ ಹಾಜರಾಗಬೇಕು. ಹಾಜರಾಗುವಾಗ, ತನ್ನ ಹೆಸರಿನಲ್ಲಿ ಯಾವ ಹೆಣಿಗೆಯೂ ಬಾಕಿ ಇಲ್ಲ ಎಂಬ ನಗರಸಭೆಯ ಪತ್ರ ತರಬೇಕು. ಅವಳ ಮೇಲೆ ಹತ್ತೊಂಬತ್ತು ವರ್ಷದ ಒಂದು ಬಾಕಿ ಇತ್ತು. ಅದನ್ನು ಉಳಿಸಿಕೊಂಡವಳು ನಾನು.

ನಾನು ಅವಳ ಚಿಕ್ಕಮ್ಮ, ವೇದವತಿ. ಊರಿನ ವಾರಪತ್ರಿಕೆಯಲ್ಲಿ ಇಪ್ಪತ್ತಾರು ವರ್ಷದಿಂದ ವರದಿಗಾರ್ತಿ. ಚಳಿಗಾಲಕ್ಕೆ ಮುಂಚೆ ಬಾಕಿ ಹೆಣಿಗೆಗಳ ಪಟ್ಟಿಯನ್ನು ಮನೆಮನೆಗೆ ಹೋಗಿ ಪರಿಶೀಲಿಸಿ ಅಚ್ಚಿಗೆ ಕಳಿಸುವುದು ನನ್ನ ಕೆಲಸ. ಯಾರು ಹೆಣೆಯುತ್ತಿದ್ದಾರೆ, ಯಾರಿಗೆ, ಏನನ್ನು, ಎಷ್ಟು ವರ್ಷದಿಂದ. ಈ ವರ್ಷ ಪಟ್ಟಿಯಲ್ಲಿ ನಲವತ್ತೊಂದು ಹೆಸರುಗಳಿದ್ದವು. ಹದಿನೇಳನೆಯದು ನನ್ನದು. ‘ಯಾರಿಗೆ’ ಎಂಬಲ್ಲಿ ಒಂದು ಅಡ್ಡಗೆರೆ ಇತ್ತು. ಆ ಗೆರೆ ನಾನೇ ಎಳೆದದ್ದು, ಹತ್ತೊಂಬತ್ತು ವರ್ಷವೂ.

ನಮ್ಮ ಊರಿನಲ್ಲಿ ಯಾರ ಹೆಸರಿಗಾದರೂ ಕಡ್ಡಿಯ ಮೇಲೆ ಕುಣಿಕೆ ಏರಿಸಿದರೆ, ಆ ಹೆಣಿಗೆ ಮುಗಿಯುವ ತನಕ ಬೇರೆ ಯಾವ ಸ್ವೆಟರೂ, ಯಾವ ಕಂಬಳಿಯೂ ಅವರನ್ನು ಬೆಚ್ಚಗಿಡುವುದಿಲ್ಲ. ಬೆಂಕಿ, ಬಿಸಿಲು, ಬಿಸಿನೀರು ಮಾತ್ರ ಕೆಲಸ ಮಾಡುತ್ತವೆ. ಏರಿಸಿದ ಕೈಯೇ ಮುಗಿಸಬೇಕು. ಕೊನೆಯ ಕುಣಿಕೆ ಮುಚ್ಚುವಾಗ ಹೆಸರು ಹೇಳಬೇಕು. ಬಿಚ್ಚಿ ಹಾಕಿ ನೋಡಿದವರಿದ್ದಾರೆ. ಚಳಿ ಹಾಗೇ ಉಳಿಯಿತು, ಮುಗಿಸಲು ಹೆಣಿಗೆ ಮಾತ್ರ ಉಳಿಯಲಿಲ್ಲ. ಹೀಗಾಗಿ ನಮ್ಮಲ್ಲಿ ಉಣ್ಣೆಯ ಅಂಗಡಿಯವನು ಬೇಕಾದಷ್ಟೂ ದಾರವನ್ನು ಒಟ್ಟಿಗೇ ಕೊಳ್ಳದವರಿಗೆ ಕಡ್ಡಿ ಮಾರುವುದಿಲ್ಲ. ಬೀದಿ ನಲ್ಲಿಯ ಹತ್ತಿರ ಜಗಳ ವಿಪರೀತಕ್ಕೆ ಹೋದರೆ ಹೆಂಗಸರು ‘ನಿನ್ನ ಹೆಸರಿಗೆ ಏರಿಸಿಬಿಡ್ತೀನಿ ನೋಡು’ ಎನ್ನುತ್ತಾರೆ. ಕೇಳಿದವರು ತಕ್ಷಣ ಮಧ್ಯೆ ಬಂದು ಬಿಡಿಸುತ್ತಾರೆ. ದೀಪಾವಳಿ ಕಳೆದ ಮೇಲೆ ಅಂಚೆ ಕಚೇರಿಯಲ್ಲಿ ಸ್ಟಾಂಪು ಕೇಳಿದರೆ ‘ಈ ಸಾಲು ಮುಗೀಲಿ, ತಡೀರಿ’ ಎನ್ನುತ್ತಾರೆ, ನಾವು ತಡೆಯುತ್ತೇವೆ.

ಇನ್ನೊಂದು ಕಟ್ಟಳೆ ಇದೆ. ಹುಟ್ಟದ ಮಗುವಿಗೆ ಕುಣಿಕೆ ಏರಿಸಬಾರದು. ನಾನು ಏರಿಸಿದೆ. ನನ್ನ ಅಕ್ಕ ಸುಭದ್ರೆಗೆ ಆಗ ಎಂಟು ತಿಂಗಳು. ಮಗು ಒಂದೇ ಎಂದು ಸೂಲಗಿತ್ತಿ ಹೇಳಿದ್ದಳು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ವಿಚಾರಿಸದೆ ಅಚ್ಚಿಗೆ ಕೊಡಬಾರದು ಎಂಬುದು ನನ್ನ ಕಸುಬಿನ ಮೊದಲ ಪಾಠ. ಆ ದಿನ ಮಾತ್ರ ನಾನು ವಿಚಾರಿಸಲಿಲ್ಲ. ಕೂಸಿನ ಅಂಗಿಗೆಂದು ಸಾಸಿವೆ ಬಣ್ಣದ ದಾರದಲ್ಲಿ ಎಂಬತ್ತನಾಲ್ಕು ಕುಣಿಕೆ ಏರಿಸಿ, ಹನ್ನೊಂದು ಸಾಲು ಅಂಚುಪಟ್ಟಿ ಹೆಣೆದೆ. ಹನ್ನೆರಡನೆಯ ಸಾಲಿನ ಹೊತ್ತಿಗೆ ಗೌತಮಿ ಹುಟ್ಟಿದಳು. ಏಳು ನಿಮಿಷದ ಮೇಲೆ ಜಯರಾಮ ಹುಟ್ಟಿದ. ಹೆಣಿಗೆ ಅಲ್ಲಿಗೆ ನಿಂತಿತು.

ಅವಳಿಗಳಿಬ್ಬರಿಗೂ ಚಳಿ. ಎಷ್ಟು ಹೊದಿಸಿದರೂ ತೊಟ್ಟಿಲಲ್ಲಿ ನಡುಗುತ್ತಿದ್ದವು. ಬಾಣಂತಿ ಕೋಣೆಯಲ್ಲಿ ಮೂರು ತಿಂಗಳಿಗೆಂದು ಇಟ್ಟ ಅಗ್ಗಿಷ್ಟಿಕೆ ಮೂರು ವರ್ಷ ಆರಲಿಲ್ಲ. ಶಾಲೆಯಲ್ಲಿ ಬಿಸಿಯೂಟದ ಅಡುಗೆಮನೆಯ ಗೋಡೆಗೆ ಒತ್ತಿಕೊಂಡ ಬೆಂಚು ಅವರದು. ದೊಡ್ಡವರಾದ ಮೇಲೆ ಕೆಲಸವನ್ನೂ ಕಾವು ನೋಡಿಯೇ ಹುಡುಕಿಕೊಂಡರು. ಗೌತಮಿ ಇಸ್ತ್ರಿ ಅಂಗಡಿ ಸೇರಿದಳು. ಜಯರಾಮ ಹದಿನೈದನೆಯ ವಯಸ್ಸಿಗೆ ಇಮ್ತಿಯಾಜ್ ಸಾಹೇಬರ ಬೇಕರಿಯ ಭಟ್ಟಿಯ ಮುಂದೆ ನಿಂತವನು ಅಲ್ಲಿಯೇ ಇದ್ದ.

ಗೌತಮಿ ಆದೇಶದ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು.

“ಓದು ಚಿಕ್ಕಮ್ಮ. ಕೊನೇ ಸಾಲು ಎರಡು ಸಲ ಓದು.”

ಓದಿದೆ. ಗಾಳಿಕಟ್ಟೆ ಎಂದರೆ ಊರಿನ ಉತ್ತರದ ಗುಡ್ಡದ ನೆತ್ತಿಯಲ್ಲಿರುವ ಕಲ್ಲಿನ ಕೋಣೆ. ಬಡಗಾಳಿ ಕಣಿವೆಗೆ ಇಳಿಯುವುದನ್ನು ಅಲ್ಲಿ ಕೂತು ನೋಡಿ, ಗಂಟೆ ಹೊಡೆದು ಊರಿಗೆ ತಿಳಿಸಬೇಕು. ನಾಲ್ಕು ತಿಂಗಳು ಮೇಲೆಯೇ ವಾಸ. ಸುತ್ತ ಒಣಹುಲ್ಲು ಇರುವುದರಿಂದ ಬೆಂಕಿ ಹಾಕುವಂತಿಲ್ಲ.

“ಎಪ್ಪತ್ತು ಜನ ಅರ್ಜಿ ಹಾಕಿದ್ರು,” ಎಂದಳು. “ಮೋಡ ನೋಡಿ ಹೇಳೋ ಪರೀಕ್ಷೇಲಿ ನಾನೇ ಫಸ್ಟು. ನಾಲ್ಕು ವರ್ಷದಿಂದ ಇಸ್ತ್ರಿ ಅಂಗಡಿ ಕಿಟಕೀಲಿ ಅದೊಂದೇ ನೋಡಿದೀನಿ, ಬೇರೆ ಏನಿತ್ತು?”

“ಒಳ್ಳೇದಾಯ್ತು,” ಎಂದೆ.

“ಒಳ್ಳೇದಾಯ್ತಾ? ನೀನು ಮುಗಿಸಿದ್ರೆ ಆಗುತ್ತೆ. ಇಲ್ಲಾಂದ್ರೆ ಎರಡನೇ ನಂಬರಿನವನಿಗೆ ಹೋಗುತ್ತೆ.”

“ಯಾರ ಹೆಸರಿಗೆ ಮುಗಿಸ್ಲಿ, ಗೌತು?”

“ಹತ್ತೊಂಬತ್ತು ವರ್ಷದಿಂದ ಇದೇ ಪ್ರಶ್ನೆ ಕೇಳ್ತಿದೀಯ. ಕೇಳ್ತಾ ಇರೋಳು ನೀನು, ನಡುಗ್ತಾ ಇರೋರು ನಾವು.”

ಆದರೆ ನನ್ನ ಹೆದರಿಕೆಗೆ ಆಧಾರವಿತ್ತು. ಪತ್ರಿಕೆಯ ಹಳೆಯ ಸಂಪುಟಗಳಲ್ಲಿ ಅಂಥ ಒಂದೇ ಒಂದು ಪ್ರಕರಣ ಸಿಕ್ಕಿದೆ. ನಲವತ್ತನಾಲ್ಕು ವರ್ಷದ ಹಿಂದೆ ಒಬ್ಬಳು ಅತ್ತೆ ತನ್ನ ಮಗ, ಸೊಸೆ ಇಬ್ಬರಿಗೂ ಸೇರಿ ಒಂದು ಹೊದಿಕೆ ಏರಿಸಿದ್ದಳು. ಮುಗಿಸುವಾಗ ಮಗನ ಹೆಸರು ಹೇಳಿದಳು. ಮಗ ಬೆಚ್ಚಗಾದ. ಸೊಸೆ ಬದುಕಿರುವ ತನಕ ಬೆಚ್ಚಗಾಗಲಿಲ್ಲ, ಏಕೆಂದರೆ ಅವಳ ಪಾಲಿಗೆ ಮುಗಿಸಲು ಕಡ್ಡಿಯ ಮೇಲೆ ಏನೂ ಉಳಿದಿರಲಿಲ್ಲ. ಹೆಣೆಯುತ್ತಿದ್ದವರು ಸತ್ತರೆ ಬಾಕಿ ಹೆಣಿಗೆಯ ಹಿಡಿತ ಬಿಡುತ್ತದೆ. ಮುಗಿದುಹೋದ ಹೆಣಿಗೆಗೆ ಆ ದಾರಿಯೂ ಇಲ್ಲ. ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರನ್ನು ಜೀವಮಾನವಿಡೀ ಚಳಿಗೆ ಒಪ್ಪಿಸಿದಂತೆ. ಸುಮ್ಮನಿದ್ದರೆ ನಾನು ಸಾಯುವ ತನಕ ಇಬ್ಬರೂ ಕಾಯಬೇಕು. ಜಯರಾಮ ಪ್ರತಿ ಯುಗಾದಿಗೆ ನನ್ನ ಕಾಲು ಮುಟ್ಟಿ, ‘ನೂರು ವರ್ಷ ಬಾಳು ಚಿಕ್ಕಮ್ಮ, ನಮಗೇನೂ ಅವಸರ ಇಲ್ಲ’ ಎನ್ನುತ್ತಿದ್ದ. ಮನೆಯವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಮಧ್ಯಾಹ್ನ ಬೇಕರಿಯ ಹಿಂಬಾಗಿಲಿಗೆ ಹೋದೆ. ಜಯರಾಮ ಬನ್ನಿನ ತಟ್ಟೆಗಳನ್ನು ಭಟ್ಟಿಯಿಂದ ಎಳೆಯುತ್ತಿದ್ದ. ಮೊಣಕೈವರೆಗೂ ಹಳೆಯ ಸುಟ್ಟ ಗುರುತುಗಳು. ವಿಷಯ ಅವನಿಗೆ ಆಗಲೇ ತಿಳಿದಿತ್ತು.

“ಇದ್ರಲ್ಲಿ ಯೋಚನೆ ಮಾಡೋಕೆ ಏನಿದೆ? ಅವಳ ಹೆಸರಿಗೆ ಮುಗಿಸು,” ಎಂದ.

“ಮತ್ತೆ ನೀನು?”

“ನನಗೇನಾಗಿದೆ? ಭಟ್ಟಿ ಇದೆ. ನನ್ನಷ್ಟು ಬೆಚ್ಚಗೆ ಈ ಊರಲ್ಲಿ ಯಾರಿದಾರೆ ಹೇಳು. ಸಾಹೇಬರೇ ಬಂದು ನನ್ನ ಪಕ್ಕ ಕೂರ್ತಾರೆ.”

“ಮನಸ್ಸಿಂದ ಹೇಳ್ತಿದೀಯಾ?”

“ಪೇಪರಿನವರ ಹತ್ರ ಸುಳ್ಳು ಹೇಳೋಕಾಗುತ್ತಾ? ಬರ್ಕೋ. ಜಯರಾಮ, ಹತ್ತೊಂಬತ್ತು ವರ್ಷ, ಬೇಕರಿ ಕೆಲಸ, ಪರಮ ಸುಖಿ.” ಒಂದು ಬಿಸಿ ಬನ್ನು ನನ್ನ ಕೈಗಿಟ್ಟ. ತಾನು ತಿನ್ನಲಿಲ್ಲ. ಅವನು ಬನ್ನು ತಿಂದದ್ದನ್ನು ನಾನು ಎಂದೂ ನೋಡಿದವಳಲ್ಲ.

ನಾನು ನಂಬಿದೆ. ಸಂಜೆ ಗೌತಮಿಗೆ ಹಾಗೆಯೇ ಹೇಳಿದೆ.

“ಅವನು ಹೇಳ್ದ, ನೀನು ಒಪ್ಕೊಂಡೆ. ಅವನ ಹೆಸರು ಬಿಟ್ಟು ಮುಗಿಸೋದಾದ್ರೆ ನನಗೆ ಆ ಕೆಲಸ ಬೇಡ. ನಾಳೇನೇ ವಾಪಸ್ ಬರೆದು ಕೊಡ್ತೀನಿ.”

“ಸ್ವಲ್ಪ ತಡಿ.”

“ತಡೆಯೋದು ನಮಗೆ ಅಭ್ಯಾಸ ಆಗಿದೆ ಬಿಡು.”

ಶುಕ್ರವಾರ ಪಟ್ಟಿಯ ಪರಿಶೀಲನೆ. ನಗರಸಭೆಯ ಹೆಣಿಗೆ ಗುಮಾಸ್ತ ಸಿದ್ದರಾಜು, ನಾನು, ಇಬ್ಬರೂ ಬೆಳಗ್ಗೆಯಿಂದ ಹದಿಮೂರು ಮನೆ ತಿರುಗಿದೆವು. ಊರಿಗೆ ಊರೇ ಬಾಕಿ ತೀರಿಸುವ ಆತುರದಲ್ಲಿತ್ತು. ಹಜಾಮರ ಅಂಗಡಿಯಲ್ಲಿ ಕ್ಷೌರದ ಕುರ್ಚಿಯಲ್ಲೇ ಕೂತು ಮಾಲೀಕ ತನ್ನ ಭಾವನ ಮಫ್ಲರ್ ಮುಗಿಸುತ್ತಿದ್ದ, ಗಿರಾಕಿಗಳು ನಿಂತಿದ್ದರು. ಹದಿನಾಲ್ಕನೆಯ ಮನೆ ತಿಮ್ಮಕ್ಕನದು. ಎಂಬತ್ತೆರಡು ವರ್ಷದ ಅವಳ ಹೆಸರಿನಲ್ಲಿ ನಾಲ್ಕು ವರ್ಷದ ಒಂದು ಬಾಕಿ, ಅಳಿಯನ ಸ್ವೆಟರು. ನಾವು ಹೋದಾಗ ಅದರ ಹೆಗಲಿನ ಕುಣಿಕೆಗಳನ್ನು ಮುಚ್ಚುತ್ತಿದ್ದಳು.

“ನಾಲ್ಕು ವರ್ಷ ಯಾಕಾಯ್ತು ತಿಮ್ಮಕ್ಕ?” ಸಿದ್ದರಾಜು ಫಾರಂ ತೆಗೆದ.

“ನಮ್ಮ ಹುಡುಗೀನ ಒಂದು ಮಾತು ಅಂದಿದ್ದ. ಹೋದ ತಿಂಗಳು ಬಂದು ಬಾಗಿಲಲ್ಲಿ ನಿಂತ್ಕೊಂಡು ತಪ್ಪಾಯ್ತು ಅಂದ. ಬರ್ಕೊಳಪ್ಪ, ವಿಳಂಬಕ್ಕೆ ಕಾರಣ ಮಂಡಿ ನೋವು.”

ಸಿದ್ದರಾಜು ಮಂಡಿ ನೋವು ಎಂದು ಬರೆದುಕೊಂಡ. ನಾನು ತಿಮ್ಮಕ್ಕನ ಕೈ ನೋಡುತ್ತಿದ್ದೆ. ಸ್ವೆಟರಿನ ಮುಂಭಾಗ ಒಂದು ಕಡ್ಡಿಯ ಮೇಲಿತ್ತು, ಬೆನ್ನಿನ ಭಾಗ ಇನ್ನೊಂದರ ಮೇಲೆ. ಎರಡು ಕಡ್ಡಿಗಳನ್ನೂ ಜೊತೆಯಾಗಿ ಎಡಗೈಯಲ್ಲಿ ಹಿಡಿದು, ಮೂರನೆಯ ಕಡ್ಡಿಯನ್ನು ಎರಡೂ ಕಡೆಯ ಕುಣಿಕೆಗಳ ಒಳಗೆ ಒಟ್ಟಿಗೇ ತೂರಿಸಿ ಒಂದು ಎಳೆ ಎಳೆಯುತ್ತಿದ್ದಳು. ಎರಡು ಕುಣಿಕೆ ಒಂದಾಗಿ ಬರುತ್ತಿತ್ತು. ಇದನ್ನು ನಾನು ನೂರು ಸಲ ನೋಡಿದ್ದೇನೆ, ನಾನೇ ಮಾಡಿದ್ದೇನೆ. ಆ ದಿನ ಮಾತ್ರ ಬಾಯಿಂದ ಪ್ರಶ್ನೆ ಬಂತು.

“ತಿಮ್ಮಕ್ಕ, ಕೊನೆಗೆ ಉಳಿಯೋ ಆ ಒಂದು ಕುಣಿಕೆ ಮುಂಭಾಗದ್ದೋ, ಬೆನ್ನಿಂದೋ?”

ಅವಳು ಕನ್ನಡಕದ ಮೇಲಿಂದ ನೋಡಿದಳು. “ಎರಡೂದು ಕಣವ್ವ. ಒಂದಾದ ಮೇಲೆ ಯಾರ್ದು ಅಂತ ಯಾರು ಕೇಳ್ತಾರೆ? ಓದ್ದೋರಿಗೆ ಬರೋ ಅನುಮಾನಗಳೇ ಬೇರೆ.”

ನಾನು ಇನ್ನುಳಿದ ಮನೆಗಳನ್ನು ಸಿದ್ದರಾಜುವಿಗೆ ಬಿಟ್ಟು ಅಕ್ಕನ ಮನೆಗೆ ಹೋದೆ. ತಗಡಿನ ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಹಳೆಯ ಸೀರೆಯೊಂದರಲ್ಲಿ ಸುತ್ತಿಟ್ಟ ಸಾಸಿವೆ ಬಣ್ಣದ ಅಂಚು ಎರಡು ಬೆರಳಗಲ ಇತ್ತು, ಅದೇ ಕಡ್ಡಿಯ ಮೇಲೆ. ಪಕ್ಕದಲ್ಲಿ ಐದು ಉಂಡೆ ದಾರ. ಅಕ್ಕ ಹದಿನೈದು ವರ್ಷದಿಂದ ಅದರ ಕಡೆ ನೋಡಿರಲಿಲ್ಲ.

“ಏನ್ ಮಾಡ್ತೀಯೇ?” ಎಂದಳು.

“ಅರ್ಧ ಈ ಕಡ್ಡಿಗೆ, ಅರ್ಧ ಆ ಕಡ್ಡಿಗೆ. ನಲವತ್ತೆರಡು, ನಲವತ್ತೆರಡು. ಎರಡನ್ನೂ ಸಮ ಸಮ ಮೇಲಕ್ಕೆ ಹೆಣೆದು ಕೊನೇಲಿ ಒಟ್ಟಿಗೆ ಮುಚ್ತೀನಿ.”

“ಕತ್ತು?”

“ಕತ್ತು ಬಿಟ್ರೆ ಆ ಕಡೆ ಒಂದು ಹೆಗಲು, ಈ ಕಡೆ ಒಂದು ಹೆಗಲು, ಎರಡು ಸಲ ಮುಚ್ಬೇಕಾಗುತ್ತೆ. ಕೊನೇ ಕುಣಿಕೆ ಎರಡಾಗುತ್ತೆ. ಅದು ಆಗಬಾರ್ದು. ಒಂದೇ ಉದ್ದಕ್ಕೆ ಮುಚ್ಚಿಬಿಡ್ತೀನಿ.”

“ಹಾಗಾದ್ರೆ ಅದು ಅಂಗಿ ಆಗಲ್ಲ, ಚೀಲ ಆಗುತ್ತೆ.”

“ಹತ್ತೊಂಬತ್ತು ವರ್ಷದ ಮಕ್ಕಳಿಗೆ ಕೂಸಿನ ಅಂಗಿ ಯಾಕಕ್ಕಾ?”

ಅವಳು ದೀಪವನ್ನು ಹತ್ತಿರ ಸರಿಸಿದಳು.

ಎಣಿಸಿದೆ. ಎಂಬತ್ತಮೂರು. ಮತ್ತೆ ಎಣಿಸಿದೆ. ಎಂಬತ್ತಮೂರೇ. ಅಕ್ಕ ಎಣಿಸಿದಳು, ಅಷ್ಟೇ ಬಂತು. ಒಂದು ಕುಣಿಕೆ ಎಲ್ಲೋ ಜಾರಿತ್ತು. ಹೊಸದಾಗಿ ಒಂದನ್ನು ಏರಿಸಬಹುದಿತ್ತು; ಅದು ಹತ್ತೊಂಬತ್ತು ವರ್ಷದ ಹಿಂದಿನದಾಗುತ್ತಿರಲಿಲ್ಲ. ಅಷ್ಟರಲ್ಲಿ ಇಸ್ತ್ರಿ ಅಂಗಡಿ ಮುಚ್ಚಿ ಗೌತಮಿ ಬಂದಳು. ಕಡ್ಡಿಯನ್ನು ದೀಪಕ್ಕೆ ಅಡ್ಡ ಹಿಡಿ ಎಂದಳು. ಹೆಣಿಗೆಯ ಹಿಂದೆ ಬೆಳಕು ಬಿದ್ದಾಗ ಬಲ ತುದಿಯಿಂದ ಇಪ್ಪತ್ತಾರನೆಯ ಕುಣಿಕೆಯ ಪಕ್ಕದಲ್ಲಿ ಒಂದು ತೆಳುವಾದ ಏಣಿ ಕಾಣಿಸಿತು. ಬಿಟ್ಟುಹೋದ ಕುಣಿಕೆ ಆರು ಸಾಲು ಕೆಳಗೆ ಇಳಿದು ಅಲ್ಲಿಯೇ ಕೂತಿತ್ತು. ಕೊಕ್ಕೆ ಸೂಜಿಯಿಂದ ಅದನ್ನು ಒಂದೊಂದೇ ಮೆಟ್ಟಿಲು ಹತ್ತಿಸಿ ಕಡ್ಡಿಗೆ ಸೇರಿಸಿದೆ. ಎಂಬತ್ತನಾಲ್ಕು.

“ಯಾವ ಅರ್ಧ ನಂದು?” ಎಂದಳು ಗೌತಮಿ.

“ಗುರುತು ಮಾಡಲ್ಲ,” ಎಂದೆ.

ಎಂಟು ದಿನ ಹೆಣೆದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಈ ಕಡ್ಡಿಯಲ್ಲಿ ಎರಡು ಸಾಲು ಆದ ಕೂಡಲೇ ಆ ಕಡ್ಡಿಯಲ್ಲಿ ಎರಡು. ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ ಬೀಳದಂತೆ ಪ್ರತಿ ಸಾಲನ್ನೂ ಟಿಪ್ಪಣಿ ಪುಸ್ತಕದಲ್ಲಿ ಗೆರೆ ಎಳೆದು ಗುರುತಿಟ್ಟೆ. ಹಳೆಯ ದಾರ ಎರಡು ಕಡೆ ತುಂಡಾಯಿತು; ಎರಡು ಸಲವೂ ಅದೇ ಉಂಡೆಯ ತುದಿಯನ್ನು ಗಂಟು ಹಾಕಿದೆ. ಜಯರಾಮ ದಿನಾ ಬೇಕರಿಯಿಂದ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ನನ್ನ ಎದುರಿಗೆ ಕೂರುತ್ತಿದ್ದ.

“ಚಿಕ್ಕಮ್ಮ, ಇದು ಫೇಲಾದ್ರೆ?”

“ಹೇಗೆ ಫೇಲಾಗುತ್ತೆ?”

“ಒಬ್ಬರಿಗೆ ಹತ್ತಿ ಇನ್ನೊಬ್ಬರಿಗೆ ಹತ್ತದೇ ಹೋದ್ರೆ. ಆಗ ಹತ್ತೋದು ಅವಳಿಗೇ ಹತ್ತಲಿ, ಹಾಗೆ ಹೆಣಿ.”

“ಹಾಗೆ ಹೆಣೆಯೋಕೆ ಬರಲ್ಲ ಕಣೋ.”

“ಇಪ್ಪತ್ತಾರು ವರ್ಷ ಪೇಪರಲ್ಲಿದೀಯ, ಒಂದು ಕಡೆ ವಾಲೋದು ಕಲೀಲಿಲ್ಲವಲ್ಲ,” ಎಂದು ಬಕೆಟ್ಟಿನ ನೀರನ್ನು ಕಾಲಿನಿಂದ ನನ್ನ ಕಡೆ ಚಿಮ್ಮಿಸಿದ. ಗೌತಮಿ ಅವನ ತಲೆಗೆ ಮೊಟಕಿದಳು.

ನನಗೆ ಫೇಲಾಗುವುದೆಂಬ ಅಳುಕು ಇರಲಿಲ್ಲ. ಹೆಣಿಗೆಯಲ್ಲಿ ನಂಬಿಕೆ ಹೆಚ್ಚಿತ್ತೆಂದಲ್ಲ; ಎಣಿಕೆ ಸರಿಯಿತ್ತು. ಎಣಿಕೆ ಸರಿಯಿದ್ದಾಗ ನನಗೆ ಹೆದರಿಕೆಯಾಗುವುದಿಲ್ಲ.

ಶನಿವಾರ ಸಂಜೆ ನಾಲ್ಕು ಗಂಟೆಗೆ ಸಿದ್ದರಾಜು ಸಾಕ್ಷಿಗೆ ಬಂದ. ಕಂಕುಳಲ್ಲಿ ಪರೀಕ್ಷೆಗೆಂದು ತಂದ ನಗರಸಭೆಯ ಕರಿ ಕಂಬಳಿ ಇತ್ತು. ಬಾಕಿ ಮುಗಿದವರು ಆ ಕಂಬಳಿ ಹೊದ್ದು ಹದಿನೈದು ನಿಮಿಷ ಬಯಲಲ್ಲಿ ಕೂರಬೇಕು. ಬೆಚ್ಚಗಾದರೆ ಪತ್ರ ಸಿಗುತ್ತದೆ. ಅವನು ನನ್ನ ಕೈಯಲ್ಲಿದ್ದುದನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದೇನ್ರೀ ವೇದಮ್ಮೋರೆ? ತಲೆ ಎಲ್ಲಿಂದ ಹೋಗುತ್ತೆ?”

“ತಲೆ ಹೋಗಲ್ಲ.”

“ಕೈ?”

“ಕೈಯೂ ಹೋಗಲ್ಲ. ಹೆಣಿಗೆ ಮುಗೀಬೇಕು ಅಂತ ನಿಯಮ ಇದೆ. ಹಾಕ್ಕೊಳ್ಳೋ ಹಾಗಿರ್ಬೇಕು ಅಂತ ಎಲ್ಲಿದೆ, ತೋರಿಸಿ.”

ಅವನು ನಿಯಮದ ಪುಸ್ತಕ ತೆರೆದು ನಿಂತೇ ನಾಲ್ಕು ಪುಟ ಓದಿದ. ಆಮೇಲೆ ‘ವಸ್ತು’ ಎಂಬ ಕಡೆ ‘ಚೀಲ’ ಎಂದು ಬರೆದು, ಪಕ್ಕದಲ್ಲಿ ‘ಬಾಯಿ ಕೆಳಗೆ’ ಎಂದು ಸೇರಿಸಿದ.

ಎರಡು ಕಡ್ಡಿಗಳನ್ನು ಜೋಡಿಸಿ ಎಡಗೈಯಲ್ಲಿ ಹಿಡಿದೆ. ಮೂರನೆಯದನ್ನು ಬಲಗೈಗೆ ತೆಗೆದುಕೊಂಡೆ. ಎರಡು ಒಂದಾಯಿತು, ಪಕ್ಕದ ಎರಡು ಒಂದಾಯಿತು, ಹಿಂದಿನದು ಮುಂದಿನದರ ಮೇಲೆ ದಾಟಿ ಬಿತ್ತು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಲವತ್ತೊಂದು ಜೋಡಿ ಮುಗಿದ ಮೇಲೆ ನಾನು ನಿಲ್ಲಿಸಿದೆ. ಹೆಸರು ಹೇಳುವ ಹೊತ್ತು. ಕುಣಿಕೆ ಒಂದೇ ಆದರೂ ಬಾಯಿ ಎರಡು ಹೆಸರನ್ನು ಒಟ್ಟಿಗೆ ಹೇಳಲಾರದು. ಒಂದು ಮೊದಲು ಬರಲೇಬೇಕು.

“ಅವಳದು ಮೊದಲು,” ಎಂದ ಜಯರಾಮ.

“ಮುಚ್ಕೊಂಡು ಕೂರೋ. ಚಿಕ್ಕಮ್ಮ, ಇವನದು ಹೇಳು,” ಎಂದಳು ಗೌತಮಿ.

“ಕೆಲಸ ನಿನಗಾ, ನನಗಾ?”

“ಕೆಲಸ ಹಾಳಾಗಿ ಹೋಗ್ಲಿ!”

“ಇಬ್ರೂ ಸುಮ್ನಿರಿ,” ಎಂದೆ. “ಪತ್ರಿಕೆಯಲ್ಲಿ ಎರಡು ಹೆಸರು ಬಂದ್ರೆ ನಾವು ದೊಡ್ಡವರು ಚಿಕ್ಕವರು ನೋಡಲ್ಲ, ಬೇಕಾದವರು ಬೇಡದವರು ನೋಡಲ್ಲ. ಅಕ್ಷರದ ಕ್ರಮ ನೋಡ್ತೀವಿ. ‘ಗ’ ಆದ ಮೇಲೆ ‘ಜ’.”

ಗೌತಮಿ, ಜಯರಾಮ ಎಂದು ಒಂದೇ ಉಸಿರಿನಲ್ಲಿ ಹೇಳಿ, ನಲವತ್ತೆರಡನೆಯ ಜೋಡಿಯನ್ನು ಎಳೆದು, ದಾರ ಕತ್ತರಿಸಿ, ತುದಿಯನ್ನು ಕುಣಿಕೆಯ ಒಳಗಿಂದ ಹೊರಕ್ಕೆ ತೆಗೆದು ಬಿಗಿದೆ. ಸಮಯ ನಾಲ್ಕು ಗಂಟೆ ನಲವತ್ತೆರಡು ನಿಮಿಷ. ಏನೂ ಆದಂತೆ ಕಾಣಲಿಲ್ಲ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು.

ಮಾಳಿಗೆಗೆ ಹತ್ತಿದೆವು. ಬಿಸಿಲು ಇಳಿದಿತ್ತು, ಗುಡ್ಡದ ಕಡೆಯಿಂದ ಸಣ್ಣ ಗಾಳಿ ಬರುತ್ತಿತ್ತು. ಸಿದ್ದರಾಜು ಮೊದಲು ಗೌತಮಿಗೆ ಕಂಬಳಿ ಹೊದಿಸಿ ಗಡಿಯಾರ ನೋಡಿದ. ಎರಡು ನಿಮಿಷ ಅವಳು ಹಲ್ಲು ಕಚ್ಚಿಕೊಂಡು ಕೂತಳು. ಮೂರನೆಯ ನಿಮಿಷಕ್ಕೆ ಕತ್ತು ಕೆರೆದುಕೊಂಡಳು.

“ಚಿಕ್ಕಮ್ಮ, ಇದು ಚುಚ್ಚುತ್ತೆ! ಎಲ್ಲರಿಗೂ ಹೀಗೇನಾ? ನೀವೆಲ್ಲ ಹೇಗೆ ಹೊದ್ಕೋತೀರ ಇದನ್ನ?” ಎಂದವಳು ನಗಲು ತೊಡಗಿದಳು. ಹತ್ತನೆಯ ನಿಮಿಷಕ್ಕೆ ಹಣೆಯ ಮೇಲೆ ಬೆವರು ಕಾಣಿಸಿತು. ಅಕ್ಕ ಸೆರಗಿನಿಂದ ಒರೆಸಿ, ಸೆರಗಿನ ಒದ್ದೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಸಿದ್ದರಾಜು ಗೌತಮಿಯ ಪತ್ರಕ್ಕೆ ಸಹಿ ಹಾಕಿದ.

ಆಮೇಲೆ ಕಂಬಳಿ ಜಯರಾಮನ ಹೆಗಲಿಗೆ ಬಂತು. ಅವನು ಎರಡು ತುದಿಗಳನ್ನೂ ಎದೆಗೆ ಎಳೆದುಕೊಂಡು ಗೋಡೆಗೆ ಒರಗಿದ. ಐದು ನಿಮಿಷ ಆಯಿತು. ಹತ್ತು ಆಯಿತು. ಅವನು ತಮಾಷೆ ಮಾಡಲಿಲ್ಲ. ಗೌತಮಿಯ ನಗು ನಿಂತಿತು. ಹದಿನೈದಕ್ಕೆ ಸಿದ್ದರಾಜು ಪೆನ್ನು ಹಿಡಿದು ಬಗ್ಗಿದ.

“ಏನಪ್ಪಾ? ಹೇಳು. ಇದೆಯಾ, ಇಲ್ವಾ?”

ಜಯರಾಮ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡ.

“ಜಯು,” ಎಂದಳು ಗೌತಮಿ. “ಲೋ ಜಯು. ಹೇಳೋ.”

ನಾನು ಹತ್ತಿರ ಹೋಗಿ ಕಂಬಳಿಯೊಳಗೆ ಕೈ ಹಾಕಿ ಅವನ ಅಂಗೈ ಮುಟ್ಟಿದೆ. ಚಳಿಗಾಲದಲ್ಲಿ ಭಟ್ಟಿಯಿಂದ ಹತ್ತು ಹೆಜ್ಜೆ ಆಚೆ ಬಂದರೆ ತಣ್ಣಗಾಗುತ್ತಿದ್ದ ಆ ಕೈ ಬೆಚ್ಚಗಿತ್ತು. ನಾನು ಸಿದ್ದರಾಜುವಿನ ಕಡೆ ತಲೆ ಆಡಿಸಿದೆ. ಅವನು ಬರೆದುಕೊಂಡು ಕಂಬಳಿಗೆ ಕೈ ಚಾಚಿದ.

“ಇನ್ನೊಂದು ಹತ್ತು ನಿಮಿಷ ಇರ್ಲಿ ಸಾರ್,” ಎಂದ ಜಯರಾಮ.

ಸಿದ್ದರಾಜು ಕಂಬಳಿ ಬಿಟ್ಟು ಹೋದ. ಸೋಮವಾರ ಕಚೇರಿಗೆ ತಂದುಕೊಡಿ ಎಂದ.

ಭಾನುವಾರ ಬೆಳಗ್ಗೆ ನಾಲ್ಕೂವರೆಗೆ, ಭಟ್ಟಿ ಹಚ್ಚುವ ಹೊತ್ತಿಗೆ, ಜಯರಾಮ ಏಳಲಿಲ್ಲ. ಏಳು ಗಂಟೆಗೆ ಇಮ್ತಿಯಾಜ್ ಸಾಹೇಬರೇ ಮನೆಗೆ ಬಂದು, ಹುಷಾರಿಲ್ಲವೇ ಎಂದು ಕೇಳಿದರು. ಜಯರಾಮ ಬಾಗಿಲಿಗೆ ಬಂದು ಅವರಿಗೆ ಕೈ ಮುಗಿದು, ಇವತ್ತಿಂದ ಕೆಲಸಕ್ಕೆ ಬರುವುದಿಲ್ಲ ಎಂದ.